ಪೆರುವಿನ ಕರಾವಳಿಯ ಊರುಗಳಲ್ಲಿ ದಕ್ಕೆಯೆದುರಿನ ಹೋಟೆಲುಗಳಲ್ಲಿ ಊಟಕ್ಕೆ ಕೂರುವ ಮುನ್ನ

ಪೆರುವಿಗೆ ಪ್ರವಾಸ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಮಾಚು ಪಿಚುವಿನ ಜೊತೆಗೆ ಲಿಮಾದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ನಾಲ್ಕು ಗಂಟೆಯಷ್ಟು ದೂರವಿರುವ ಪರಾಕಾಸ್ ಎಂಬ ಕಡಲೂರನ್ನೂ ಸೇರಿಸಿಕೊಳ್ಳುತ್ತಾರೆ. ಬಾಯೆಸ್ತಾಸ್ ದ್ವೀಪಗಳ ಕಡಲಸಿಂಹಗಳು, ಹಂಬೋಲ್ಟ್ ಪೆಂಗ್ವಿನ್‌ಗಳು, ಮರಳುಗಾಡು ನೇರವಾಗಿ ಸಮುದ್ರಕ್ಕಿಳಿಯುವ ಸಂರಕ್ಷಿತ ಪ್ರದೇಶ, ಇವೆಲ್ಲ ನೋಡಲೇಬೇಕಾದವು. ಆದರೆ ದೋಣಿಯಿಂದ ಇಳಿದ ಕೂಡಲೇ ಕಣ್ಣೆದುರು ಸಾಲಾಗಿ ನಿಂತಿರುವ ಹೋಟೆಲುಗಳಲ್ಲಿ, ಅದರಲ್ಲೂ ಸಂಜೆಯ ಹೊತ್ತಿನಲ್ಲಿ, ದಯವಿಟ್ಟು ಊಟಕ್ಕೆ ಕೂರಬೇಡಿ. ನಮಗಾದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿರುವುದು ಇನ್ನೊಬ್ಬರಿಗೆ ಹಾಗಾಗದಿರಲಿ ಎಂಬ ಒಂದೇ ಕಾರಣಕ್ಕೆ.

ಪರಾಕಾಸ್‌ನಲ್ಲಿ ಪ್ರವಾಸಿಗರು ಉಳಿದುಕೊಳ್ಳುವ ಭಾಗವನ್ನು ಎಲ್ ಚಾಕೊ ಎನ್ನುತ್ತಾರೆ. ಅಲ್ಲಿಯ ಕಡಲ ದಂಡೆಯುದ್ದಕ್ಕೂ ಹೋಟೆಲುಗಳಿವೆ, ಪ್ರತಿ ಹೋಟೆಲಿನ ಮುಂದೆಯೂ ದರಪಟ್ಟಿ ಹಿಡಿದುಕೊಂಡು ದಾರಿಹೋಕರನ್ನು ಒಳಗೆ ಕರೆಯುವ ಒಬ್ಬರಿರುತ್ತಾರೆ. ಇವರನ್ನು ಅಲ್ಲಿಯವರು ಹಲಾದೋರ್ ಎಂದು ಕರೆಯುತ್ತಾರೆ. ನಾನು, ನನ್ನ ಪತಿ ಮತ್ತು ಸ್ಪ್ಯಾನಿಷ್ ಚೆನ್ನಾಗಿ ಬಲ್ಲ ಒಬ್ಬ ಗೆಳತಿ ಸಂರಕ್ಷಿತ ಪ್ರದೇಶವನ್ನು ಸುತ್ತಿ ಬಂದಾಗ ಕತ್ತಲಾಗತೊಡಗಿತ್ತು. ಒಂದು ಹೋಟೆಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, ಮೊದಲ ತಿನಿಸು, ಮುಖ್ಯ ಊಟ, ಪಾನೀಯ ಎಲ್ಲ ಸೇರಿದ ಮೀನೂಟಕ್ಕೆ ತಲೆಗೆ 25 ಸೋಲ್ (ಪೆರುವಿನ ಹಣ) ಎಂದು ಬರೆದಿತ್ತು. ಒಳಗೆ ಕೂತು ನೀರು ತರಿಸಿಕೊಂಡ ಮೇಲೆ ಮಾಣಿ ಬಂದು ಆ ಊಟ ಮುಗಿದುಹೋಯಿತೆಂದೂ, ಬೇರೆ ಪಟ್ಟಿಯಿಂದ ಆರಿಸಿಕೊಂಡರೆ ಅದೇ ದರಕ್ಕೆ ಕೊಡುತ್ತೇವೆಂದೂ ಹೇಳಿದ. ಗೆಳತಿ ಅದನ್ನೇ ಮತ್ತೆ ಕೇಳಿ ಖಚಿತಪಡಿಸಿಕೊಂಡಳು. ಆತ ತಂದುಕೊಟ್ಟ ಪಟ್ಟಿಯಲ್ಲಿ ಇಡೀ ಮೀನಿನ ಹುರಿದ ತಿನಿಸುಗಳೆದುರು ಅಂಕಿಯೇ ಇರಲಿಲ್ಲ, ‘ಗಾತ್ರಕ್ಕೆ ತಕ್ಕಂತೆ’ ಎಂದಷ್ಟೇ ಇತ್ತು.

ನಾವು ಹುರಿದ ಚಿತಾ ಮೀನು, ಸೆವಿಚೆ ಎಂಬ ಹಸಿ ಮೀನಿನ ತಿನಿಸು ಒಂದು ತಟ್ಟೆ, ಗೆಳತಿಗೆ ತರಕಾರಿ ಹಾಕಿದ ಅನ್ನ ಮತ್ತು ನೇರಳೆ ಜೋಳದಿಂದ ಮಾಡುವ ಚಿಚಾ ಮೊರಾದದ ಒಂದು ಹೂಜಿ ತರಿಸಿದೆವು. ಮೂವರಿಗೆ 75 ಸೋಲ್ ಆಗಬೇಕಿದ್ದ ಊಟಕ್ಕೆ ಬಂದ ಚೀಟಿಯಲ್ಲಿ ಮೀನಿಗೆ 110, ಸೆವಿಚೆಗೆ 55, ಅನ್ನಕ್ಕೆ 38, ಪಾನೀಯಕ್ಕೆ 28, ನಾವು ಕೇಳದೆಯೇ ಮೇಜಿಗೆ ತಂದಿಟ್ಟ ಹುರಿದ ಜೋಳ ಮತ್ತು ಬ್ರೆಡ್ಡಿಗೆ 12, ಇವೆಲ್ಲದರ ಮೇಲೆ ಶೇ. 10 ಸೇವಾಶುಲ್ಕ ಸೇರಿ 267 ಸೋಲ್ ದಾಟಿತ್ತು. ಮಾತು ಕೊಟ್ಟ ಮಾಣಿ ಅಷ್ಟರಲ್ಲಿ ಕಾಣೆಯಾಗಿದ್ದ. ಗಲ್ಲಾದಲ್ಲಿ ಕೂತಿದ್ದಾತ ಅಂಥ ಮಾತನ್ನು ಯಾರೂ ಆಡಿರಲು ಸಾಧ್ಯವಿಲ್ಲ ಎಂದು ಬಿಟ್ಟ. ಚೀಟಿ ಕೈಬರಹದ್ದಾಗಿತ್ತು. ಅದರ ಮೇಲೆ ಹೋಟೆಲಿನ ಹೆಸರೂ ಇರಲಿಲ್ಲ, ಪೆರುವಿನಲ್ಲಿ ಪ್ರತಿ ವ್ಯಾಪಾರಕ್ಕೂ ಇರಬೇಕಾದ 11 ಅಂಕಿಯ ತೆರಿಗೆ ಸಂಖ್ಯೆಯೂ ಇರಲಿಲ್ಲ.

ಹಣಕ್ಕಿಂತ ಹೆಚ್ಚಾಗಿ ನಾನು ಎಚ್ಚರಿಸಬೇಕಾದದ್ದು ಆ ಸೆವಿಚೆಯ ಬಗ್ಗೆ. ಹಸಿ ಮೀನಿನ ತುಂಡುಗಳಿಗೆ ನಿಂಬೆರಸ, ಉಪ್ಪು, ಆಹಿ ಲಿಮೊ ಎಂಬ ಖಾರದ ಮೆಣಸು, ಕೆಂಪು ಈರುಳ್ಳಿ ಬೆರೆಸಿ, ಬೇಯಿಸಿದ ಸಿಹಿಗೆಣಸು ಮತ್ತು ಜೋಳದೊಂದಿಗೆ ಬಡಿಸುವ ಈ ತಿನಿಸು ಪೆರುವಿನ ಹೆಮ್ಮೆ. ಅದರ ತಯಾರಿಯ ಪರಂಪರೆಯನ್ನು ಯುನೆಸ್ಕೊ 2023ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಒಳ್ಳೆಯ ಸೆವಿಚೆಯಲ್ಲಿ ಈರುಳ್ಳಿ ಕರಕರ ಎನ್ನುತ್ತದೆ, ಮೀನಿನ ತುಂಡು ಹೊರಗೆ ಬಿಳಿಯಾಗಿ ಒಳಗೆ ಇನ್ನೂ ಹೊಳಪಿನಿಂದ ಕೂಡಿರುತ್ತದೆ, ತಟ್ಟೆಯ ತಳದಲ್ಲಿ ನಿಲ್ಲುವ ರಸ ಹಾಲಿನಂತೆ ತಿಳಿಬಿಳುಪಾಗಿರುತ್ತದೆ. ನಮಗೆ ಬಂದ ತಟ್ಟೆಯಲ್ಲಿ ಈರುಳ್ಳಿ ಬಾಡಿ ಮೆತ್ತಗಾಗಿತ್ತು, ಮೀನು ಒಳಗಿನವರೆಗೂ ಬಿರುಸಾಗಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು, ರಸಕ್ಕೆ ಬೂದು ಬಣ್ಣ ಬಂದಿತ್ತು. ಮಧ್ಯಾಹ್ನವೇ ನಿಂಬೆರಸದಲ್ಲಿ ಹಾಕಿಟ್ಟು ಉಳಿದದ್ದನ್ನು ನಮಗೆ ಬಡಿಸಿದ್ದರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಲೆಂಗ್ವಾದೊ, ಅಂದರೆ ನಮ್ಮ ಕರಾವಳಿಯ ನಂಗಿನಂತೆ ಚಪ್ಪಟೆಯಾದ ದುಬಾರಿ ಮೀನಿನದು ಎಂದು ಹೇಳಿ ಮಾರಿದ್ದರೂ, ಮೀನು ತಿಂದೇ ಬೆಳೆದ ನನ್ನ ಪತಿಗೆ ಮೊದಲ ತುತ್ತಿಗೇ ಅದು ಬೇರೆ ಮೀನೆಂದು ಗೊತ್ತಾಯಿತು. ನಾಲ್ಕಾರು ತುಂಡು ತಿಂದದ್ದಕ್ಕೇ ಅವರು ರಾತ್ರಿಯಿಡೀ ವಾಂತಿಭೇದಿಯಿಂದ ನರಳಿದರು. ಮರುದಿನ ನಾಸ್ಕಾಕ್ಕೆ ಹೊರಡಬೇಕಾದ ಬಸ್ಸನ್ನು ಬಿಟ್ಟು ವೈದ್ಯರನ್ನು ಕಾಣಬೇಕಾಯಿತು.

ನಿಂಬೆಯ ಹುಳಿ ಮೀನನ್ನು ಬೇಯಿಸುತ್ತದೆ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಹುಳಿಯಿಂದ ಮೀನಿನ ಮಾಂಸ ಗಟ್ಟಿಯಾಗಿ ಬಿಳಿಯಾಗುವುದು ನಿಜ. ಆದರೆ ಬೆಂಕಿಯಲ್ಲಿ ಬೆಂದಾಗ ಸಾಯುವ ರೋಗಾಣುಗಳೂ ಪರೋಪಜೀವಿಗಳೂ ಹುಳಿಯಲ್ಲಿ ಪೂರ್ತಿಯಾಗಿ ಸಾಯುವುದಿಲ್ಲ. ಆದುದರಿಂದ ಸೆವಿಚೆಯ ಸುರಕ್ಷತೆ ಇರುವುದು ನಿಂಬೆಯಲ್ಲಲ್ಲ, ಮೀನಿನ ತಾಜಾತನದಲ್ಲಿ ಮತ್ತು ಅಡುಗೆಮನೆಯ ಶುಚಿತ್ವದಲ್ಲಿ. 1991ರ ಜನವರಿಯಲ್ಲಿ ಇದೇ ಕರಾವಳಿಯ ಚಾಂಕಾಯ್, ಚಿಂಬೋತೆಗಳಲ್ಲಿ ಕಾಣಿಸಿಕೊಂಡ ಕಾಲರಾ ಆ ಒಂದೇ ವರ್ಷದಲ್ಲಿ ಪೆರುವಿನಲ್ಲಿ 3 ಲಕ್ಷಕ್ಕೂ ಹೆಚ್ಚು ಜನರನ್ನು ತಾಗಿತ್ತು. ಕಲುಷಿತ ನೀರಿನೊಂದಿಗೆ ಹಸಿ ಮೀನಿನ ಮೇಲೂ ಆಗ ಬಲವಾದ ಶಂಕೆಯಿತ್ತು. ಇಂದಿನ ಪರಿಸ್ಥಿತಿ ಹಾಗಿಲ್ಲ, ನಿಜ. ಆದರೂ ನಲ್ಲಿನೀರನ್ನು ಕುಡಿಯಬಾರದು, ಸಣ್ಣ ಹೋಟೆಲುಗಳಲ್ಲಿ ಐಸ್ ಹಾಕಿದ ಪಾನೀಯವನ್ನೂ ಬಿಡುವುದೇ ಒಳ್ಳೆಯದು.

ಪೆರುವಿನವರೇ ಸೆವಿಚೆಯನ್ನು ತಿನ್ನುವುದು ಮಧ್ಯಾಹ್ನ. ಮೀನುಗಾರರ ದೋಣಿಗಳು ಬೆಳಿಗ್ಗೆ ದಡ ಸೇರುತ್ತವೆ, ಅಂದಿನ ಮೀನು ಅಂದೇ ಮುಗಿಯಬೇಕು. ಹಾಗಾಗಿ ನೆಚ್ಚಬಹುದಾದ ಸೆವಿಚೆಯ ಅಂಗಡಿಗಳು ಸಂಜೆ ನಾಲ್ಕೈದರ ಹೊತ್ತಿಗೆ ಬಾಗಿಲು ಹಾಕಿಬಿಡುತ್ತವೆ. ಕಡಲೂರಿನಲ್ಲಿ ರಾತ್ರಿ ಸೆವಿಚೆ ಮಾರುವವರು ಬಹುಪಾಲು ಪ್ರವಾಸಿಗರನ್ನೇ ನಂಬಿಕೊಂಡವರು. ನಾಳೆ ಮತ್ತೆ ಬರುವ ಗಿರಾಕಿ ಅವರಿಗಿಲ್ಲ.

ಹಾಗಾದರೆ ಎಲ್ಲಿ ತಿನ್ನಬೇಕು? ಪರಾಕಾಸ್‌ನಲ್ಲಿದ್ದರೆ ಮಧ್ಯಾಹ್ನದ ಊಟಕ್ಕೆ ಪಿಸ್ಕೊ ಕಡೆಗೆ ಹೋಗುವ ಬಾಡಿಗೆ ಕಾರಿನಲ್ಲಿ ಸೀಟು ಹಿಡಿದು, ದಾರಿಯಲ್ಲಿ ಸಿಗುವ ಸಾನ್ ಆಂದ್ರೆಸ್‌ನಲ್ಲಿ ಇಳಿಯಿರಿ. ಅದು ಮೀನುಗಾರರದೇ ಊರು, ಮೀನು ದಡಕ್ಕೆ ಬರುವ ಜಾಗದ ಹತ್ತಿರವೇ ಊಟದ ಮನೆಗಳಿವೆ. ಕಾಯಿಲೆ ವಾಸಿಯಾದ ಮೇಲೆ ನಾವು ಅಲ್ಲಿ ಹುರಿದ ಮೀನೂಟ ಮಾಡಿದೆವು. ಹುರಿಯುವ ಮೊದಲು ಆ ಮನೆಯೊಡತಿ ಮೀನನ್ನು ತಂದು ಕಿವಿರು ಎತ್ತಿ ತೋರಿಸಿದರು, ಅದು ರಕ್ತಗೆಂಪಾಗಿತ್ತು; ದರವನ್ನೂ ಆಗಲೇ ಹೇಳಿದರು. ಉತ್ತರದ ಹುವಾಂಚಾಕೊ, ಮಾಂಕೊರಾಗಳಿಗೂ ಇದೇ ಮಾತು: ದಂಡೆಯ ಮೊದಲ ಸಾಲನ್ನು ಬಿಟ್ಟು ಮಾರುಕಟ್ಟೆಯ ಬದಿಗೆ ನಡೆಯಿರಿ, ಮಧ್ಯಾಹ್ನ ಒಂದರ ಸುಮಾರಿಗೆ ಊರಿನವರಿಂದ ತುಂಬಿರುವ ಕಡೆ ಕೂತುಕೊಳ್ಳಿ. ತುಂಬೆಸ್‌ನಲ್ಲಿ ಮ್ಯಾಂಗ್ರೋವ್ ಕೆಸರಿನ ಕಪ್ಪು ಚಿಪ್ಪಿಯ ಸೆವಿಚೆಗೆ ಬಲು ಹೆಸರಿದೆ, ಆದರೆ ಪ್ರತಿವರ್ಷ ಫೆಬ್ರವರಿ 15ರಿಂದ ಮಾರ್ಚ್ 31ರವರೆಗೆ ಅದನ್ನು ಹಿಡಿಯುವುದಕ್ಕೂ ಮಾರುವುದಕ್ಕೂ ನಿಷೇಧವಿರುತ್ತದೆ. ಆಗಲೂ ಯಾರಾದರೂ ಬಡಿಸಿದರೆ ತಿನ್ನಬೇಡಿ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಗೆಳತಿಯ ತರಕಾರಿ ಅನ್ನದಲ್ಲಿ ಮಾಂಸದ ತುಂಡೇನೂ ಇರಲಿಲ್ಲ, ಆದರೆ ಅದನ್ನು ಬೇಯಿಸಿದ್ದು ಕೋಳಿಯ ಸಾರಿನಲ್ಲಿ. ಕೇಳಿದಾಗ ಅಡುಗೆಯವರು ಅದರಲ್ಲಿ ತಪ್ಪೇನಿದೆ ಎಂಬಂತೆ ನೋಡಿದರು. ಮಾಂಸವಿಲ್ಲದ್ದು ಬೇಕು ಎಂದಷ್ಟೇ ಹೇಳಿದರೆ ಸಾಲದು, ಕೋಳಿ, ಮೀನು, ಸಾರು ಯಾವುದೂ ಬೇಡವೆಂದು ಬಿಡಿಸಿ ಹೇಳಬೇಕು. ಪ್ರತಿ ಊರಿನಲ್ಲೂ ಇರುವ ಚೀಫಾ ಎಂಬ ಚೀನೀ ಶೈಲಿಯ ಹೋಟೆಲುಗಳಲ್ಲಿ ಅನ್ನವನ್ನು ಎದುರಿಗೇ ಬಾಣಲೆಯಲ್ಲಿ ಹುರಿದುಕೊಡುವುದರಿಂದ ಮೊಟ್ಟೆ, ಮಾಂಸ ಬಿಟ್ಟು ಮಾಡಿಸಿಕೊಳ್ಳುವುದು ಸುಲಭ. ಇಕಾ ಪ್ರಾಂತದ ಪಯಾರ್ ಎಂಬ ದೊಡ್ಡ ಬಿಳಿ ಅವರೆಯ ಖಾದ್ಯಗಳೂ ಬಲು ರುಚಿ, ಆದರೆ ಹಂದಿಮಾಂಸ ಸೇರಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕಾನೂನು ಗಿರಾಕಿಯ ಪರವಾಗಿದೆ ಎಂಬುದು ನಮಗೆ ತಿಳಿದದ್ದು ಆಮೇಲೆ. 2010ರಲ್ಲಿ ಬಂದ ಪೆರುವಿನ ಗ್ರಾಹಕ ರಕ್ಷಣಾ ಸಂಹಿತೆಯ ಪ್ರಕಾರ ಹೋಟೆಲಿನವರು ದರಪಟ್ಟಿಯನ್ನು ಹೊರಗಡೆಯೇ ಕಾಣುವಂತೆ ಇಡಬೇಕು, ತೆರಿಗೆ ಸೇರಿದ ಒಟ್ಟು ದರವನ್ನೇ ನಮೂದಿಸಬೇಕು, ದೂರು ಬರೆಯುವ ಪುಸ್ತಕವನ್ನು ಕೇಳಿದಾಗ ಕೊಡಲೇಬೇಕು. ಲಿಬ್ರೊ ದೆ ರೆಕ್ಲಮಾಸಿಯೊನೆಸ್ ಎಂಬ ಹೆಸರಿನ ಈ ಪುಸ್ತಕ ಇದೆಯೆಂಬ ಫಲಕ ಗೋಡೆಯ ಮೇಲಿರಬೇಕು. ಅದರಲ್ಲಿ ಬರೆದ ದೂರಿಗೆ 15 ಕೆಲಸದ ದಿನಗಳೊಳಗೆ ಉತ್ತರ ಕೊಡುವುದು ಅವರ ಹೊಣೆ. ಗ್ರಾಹಕರ ಅಹವಾಲು ಕೇಳುವ ಸರ್ಕಾರಿ ಸಂಸ್ಥೆಯ ಹೆಸರು ಇಂದೆಕೋಪಿ. ನಾವು ಪುಸ್ತಕ ಕೇಳಿದಾಗ ಗಲ್ಲಾದವನು ಅದು ಯಜಮಾನರ ಮನೆಯಲ್ಲಿದೆ ಎಂದು ಹೇಳಿ ಕಳಿಸಿದ. ಆದುದರಿಂದ ಕೂರುವ ಮೊದಲೇ ಆ ಫಲಕ ಗೋಡೆಯ ಮೇಲಿದೆಯೇ ಎಂದು ನೋಡಿ, ‘ಗಾತ್ರಕ್ಕೆ ತಕ್ಕಂತೆ’ ಎಂದಿರುವ ಮೀನಿಗೆ ದರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಕೇಳದೆ ತಂದಿಟ್ಟ ತಿನಿಸಿಗೆ ದುಡ್ಡಿದೆಯೇ ಎಂದು ಮುಟ್ಟುವ ಮುಂಚೆ ಕೇಳಿ. ಹಣ ಕೊಟ್ಟ ಮೇಲೆ ಬೊಲೇತಾ, ಅಂದರೆ ಅಚ್ಚಾದ ತೆರಿಗೆ ರಸೀದಿಯನ್ನು ಪಡೆಯದೆ ಎದ್ದು ಬರಬೇಡಿ. ಮುಂದೆ ಇಂದೆಕೋಪಿಗೆ ದೂರು ಕೊಡಬೇಕಾದರೆ ಹೋಟೆಲಿನ ತೆರಿಗೆ ಸಂಖ್ಯೆ ನಿಮಗೆ ಸಿಗುವುದು ಅದರಿಂದಲೇ.