650 ರೂಪಾಯಿಯ ಹೆಡ್‌ಲೈಟ್ ರಿಲೇ ಕಿಟ್: ರಿಲೇ ಓಕೆ, ವೈರ್ ಮೋಸ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನಲ್ಲಿ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಚೆನ್ನಾಗಿವೆ, ಸಾಕೆಟ್ ಚೆನ್ನಾಗಿವೆ, ವೈರ್ ನಂಬಬೇಡಿ. ಕಂಪನಿ ಹೆಸರು ಬರೆಯಲ್ಲ, ಹೇಗೂ ಇದೇ ಮಾಲು ಬೇರೆ ಬೇರೆ ಡಬ್ಬಿಯಲ್ಲಿ ಸಿಗುತ್ತದೆ.

ನಾನು ಮತ್ತು ನಮ್ಮ ಭಾವ ಮೂಡಿಗೆರೆ ಹತ್ತಿರ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಮಹೀಂದ್ರಾ ಎಂಎಂ 540 ಜೀಪ್ ಕಟ್ಟುತ್ತಿದ್ದೇವೆ. ಒಂದೂವರೆ ವರ್ಷ ಆಯ್ತು. ಚಾಸಿಸ್, ಇಂಜಿನ್, ಆರ್‌ಸಿ ಹಳೆಯದು, ಬಾಡಿ ಹರಿಯಾಣದ ಡಬ್ವಾಲಿಯಿಂದ ಲಾರಿಯಲ್ಲಿ ಬಂತು, ವೈರಿಂಗ್ ಅಂತ ಏನಿತ್ತೋ ಅದರಲ್ಲಿ ಅರ್ಧ ಇಲಿ ತಿಂದಿತ್ತು. ತಿಂದು ಬಿಟ್ಟಿದ್ದನ್ನು ಜೋಡಿಸಿ ಹೆಡ್‌ಲೈಟ್ ಹಾಕಿದರೆ ಬೆಳಕು ಟೀ ಬಣ್ಣಕ್ಕೆ ಬರುತ್ತಿತ್ತು. ಮಳೆಗಾಲದಲ್ಲಿ ರಾತ್ರಿ ಚಾರ್ಮಾಡಿ ಇಳಿದವರಿಗೆ ಇದು ಎಂಥಾ ಸಮಸ್ಯೆ ಅಂತ ಹೇಳಬೇಕಾಗಿಲ್ಲ.

ಕಾರಣ ಸಿಂಪಲ್. ಎಚ್4 ಬಲ್ಬ್ (ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಹೆಡ್‌ಲೈಟ್ ಬಲ್ಬ್) ಬ್ರೈಟ್‌ನಲ್ಲಿ 60 ವಾಟ್, ಎರಡು ಸೇರಿ 120, ಅಂದರೆ 12 ವೋಲ್ಟಿಗೆ 10 ಆಂಪಿಯರ್. ಹಳೇ ಜೀಪಲ್ಲಿ ಇಷ್ಟೂ ಕರೆಂಟು ಡ್ಯಾಶಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಕಾಲಲ್ಲಿ ಒತ್ತುವ ಡಿಪ್ಪರ್, ಅಂದರೆ ಡಿಮ್-ಬ್ರೈಟ್ ಸ್ವಿಚ್ಚಿಗೆ ಇಳಿದು (ಅದಂತೂ ವರ್ಷಪೂರ್ತಿ ಬೂಟಿನ ಕೆಸರಲ್ಲೇ ಇರುತ್ತದೆ), ಆಮೇಲೆ ಬಲ್ಬಿಗೆ ಹೋಗುತ್ತದೆ. ಮೀಟರ್ ಹಿಡಿದು ನೋಡಿದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8, ಬಲ್ಬಿನ ಹತ್ತಿರ 11.3. ಉಳಿದಿದ್ದೆಲ್ಲ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು, ಸ್ವಿಚ್ ಮುಟ್ಟಿದರೆ ಗೊತ್ತಾಗುತ್ತಿತ್ತು. ರಿಲೇ ಹಾಕಿದರೆ ಸ್ವಿಚ್ ಬರೀ ರಿಲೇ ಒಳಗಿನ ಕಾಯಿಲ್ಲಿಗೆ (ಆಯಸ್ಕಾಂತದ ಸುರುಳಿಗೆ) ಕರೆಂಟು ಕೊಡುತ್ತದೆ, ಅದಕ್ಕೆ ಕಾಲು ಆಂಪಿಯರ್ ಕೂಡ ಬೇಡ. ಭಾರದ ಕರೆಂಟು ಬ್ಯಾಟರಿಯಿಂದ ಸೀದಾ ಬಲ್ಬಿಗೆ.

ಬೆಂಗಳೂರಿನ ಜೆ.ಸಿ. ರೋಡಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಕಿಟ್ ತಗೊಂಡೆ. ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು ರಿಲೇ, ಒಂದು ಫ್ಯೂಸ್, ಎರಡು ಪಿಂಗಾಣಿ ಹೋಲ್ಡರ್, ಹಳೇ ಹೋಲ್ಡರಿಗೆ ಚುಚ್ಚುವ ಮೂರು ಪಿನ್ನಿನ ಪ್ಲಗ್. ಏನೂ ಕತ್ತರಿಸದೆ ಕೂರಿಸಬಹುದು, ಇದು ನಿಜವಾಗಿಯೂ ಒಳ್ಳೇದು. ರಿಲೇ ಟಕ್ ಅಂತ ಗಟ್ಟಿಯಾಗಿ ಎಳೆಯುತ್ತದೆ. ಒಂದನ್ನು ಬಿಚ್ಚಿ ನೋಡಿದೆ, ಕಾಂಟ್ಯಾಕ್ಟ್ ದಪ್ಪಗಿದೆ.

ವೈರ್ ನೋಡಿದರೆ ಹೊರಗಿಂದ ಹೆಬ್ಬೆಟ್ಟಿನಷ್ಟು ಗಾತ್ರ. ಸುಲಿದರೆ ಎಲ್ಲಾ ಪ್ಲಾಸ್ಟಿಕ್, ಒಳಗೆ ನಾಲ್ಕು ಎಳೆ. ಒಂದು ಎಳೆಯನ್ನು ಬ್ಲೇಡಲ್ಲಿ ಕೆರೆದೆ, ಮೇಲಿನ ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ. ತವರ ಹಚ್ಚಿದ ಒಳ್ಳೇ ತಾಮ್ರದ ವೈರ್ ಆದರೆ ಇದು ಉಲ್ಟಾ ಇರುತ್ತದೆ, ಮೇಲೆ ಬಿಳಿ, ಕೆರೆದರೆ ಕೆಂಪು. ಈ ವೈರಿಗೆ ಮೇಲಿನ ತಾಮ್ರ ಹೋದ ಕಡೆ ಬೆಸುಗೆ ಸರಿಯಾಗಿ ಹಿಡಿಯಲ್ಲ, ಕ್ರಿಂಪ್ ಮಾಡಿದರೆ (ತುದಿಗೆ ಲೋಹದ ಲಗ್ ಒತ್ತಿ ಕೂರಿಸಿದರೆ) ದಿನ ಕಳೆದಂತೆ ಸಡಿಲ, ಮಲೆನಾಡಿನ ತೇವಕ್ಕಂತೂ ಬೇಗ ಪುಡಿಯಾಗುತ್ತದೆ. ಇಂಥ ವೈರಿಗೆ ಅವರು ಕೊಟ್ಟ ಫ್ಯೂಸ್ 30 ಆಂಪಿಯರ್! ಶಾರ್ಟ್ ಆದರೆ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ ಅಲ್ವಾ?

ಹಾಗಾಗಿ ವೈರ್ ಪೂರ್ತಿ ಕಿತ್ತೆವು. ದಪ್ಪ ಲೈನಿಗೆ 2.5 ಸ್ಕ್ವೇರ್ ಎಂಎಂ ತಾಮ್ರ, ಕಾಯಿಲ್ ಲೈನಿಗೆ 0.75. ರಿಲೇಗೆ ಒಂದೊಂದರಂತೆ ಎರಡು 15 ಆಂಪಿಯರ್ ಫ್ಯೂಸ್, ಎರಡೂ ಬ್ಯಾಟರಿ ಪಕ್ಕದಲ್ಲೇ. ಕಿಟ್‌ನಲ್ಲಿದ್ದಂತೆ ಒಂದೇ ಫ್ಯೂಸ್ ಬಿಟ್ಟರೆ ಅದು ಹೋದ ಕ್ಷಣ ಘಾಟಿ ತಿರುವಲ್ಲಿ ಪೂರ್ತಿ ಕತ್ತಲು. ಈಗ ಡಿಮ್ ಹೋದರೆ ಬ್ರೈಟ್ ಆದರೂ ಉಳಿಯುತ್ತದೆ. ಅರ್ಥ್ ಕೂಡ ಬಾಡಿಗೆ ಕೊಡಲಿಲ್ಲ, ಹೊಸ ಪೇಂಟ್ ಮೇಲೆ ಅದು ಹಿಡಿಯಲ್ಲ, ಬ್ಯಾಟರಿ ನೆಗೆಟಿವ್‌ನಿಂದಲೇ ತಂದೆವು. ವೈರ್, ಫ್ಯೂಸ್ ಹೋಲ್ಡರ್, ಲಗ್ ಸೇರಿ ಇನ್ನೊಂದು 700 ಖರ್ಚು.

ಇನ್ನೊಂದು ತಪ್ಪು ನನ್ನದೇ. ನೋಡಲು ಬಿಚ್ಚಿದ ರಿಲೇ ಬದಲು ಊರಲ್ಲೇ ಒಂದು ಐದು ಪಿನ್ನಿನ ರಿಲೇ ತಂದು ಹಾಕಿದೆ. ಸ್ವಿಚ್ ಆಫ್ ಇದ್ದರೂ ಎಡಗಡೆ ಲೈಟ್ ಮಾತ್ರ ಬ್ರೈಟ್ ಉರಿಯುತ್ತಿದೆ, ಆನ್ ಮಾಡಿದರೆ ಎಡ ಆರಿ ಬಲ ಹತ್ತುತ್ತದೆ. ಭಾವ ಬೋನೆಟ್ ಮೇಲೆ ಕೈ ಇಟ್ಟು, "ಇದಕ್ಕೆ ದೆವ್ವ ಹಿಡಿದಿದೆ ಮಾರಾಯ, ಕುಂಬಳಕಾಯಿ ಒಡಿ" ಅಂದರು. ಒಂದು ಗಂಟೆ ತಲೆ ಕೆಟ್ಟ ಮೇಲೆ ಕನ್ನಡಕ ಹಾಕಿಕೊಂಡು ರಿಲೇ ತಿರುಗಿಸಿ ಓದಿದೆ. ರಿಲೇ ಎಳೆದಾಗ ಕರೆಂಟು ಕೊಡುವ ಪಿನ್ನಿನ ನಂಬರ್ 87. ಕಿಟ್‌ನ ರಿಲೇಯಲ್ಲಿ ಮಧ್ಯದ ಪಿನ್ನೂ 87, ಅಂದರೆ ಎಡಕ್ಕೊಂದು ಬಲಕ್ಕೊಂದು ಔಟ್‌ಪುಟ್. ನಾನು ತಂದಿದ್ದರಲ್ಲಿ ಮಧ್ಯದ್ದು 87ಎ. ಅದು ರಿಲೇ ಬಿಟ್ಟಿರುವಾಗ ಕರೆಂಟು ಕೊಡುವ ಪಿನ್. ನೋಡಲು ಎರಡೂ ಒಂದೇ ಥರ, ಸಾಕೆಟ್ಟಿಗೂ ಸರಿಯಾಗಿ ಕೂರುತ್ತವೆ. ಸ್ಪೇರ್ ತಗೊಳ್ಳುವಾಗ ಪಿನ್ ಪಕ್ಕದ ನಂಬರ್ ಓದದೆ ದುಡ್ಡು ಕೊಡಬೇಡಿ.

ಈಗ ಬಲ್ಬಿನ ಹತ್ತಿರ 13.4 ಬರುತ್ತದೆ. ಅದೇ ಬಲ್ಬು, ಬೆಳಕು ಬಿಳಿ, ಸ್ವಿಚ್ ತಣ್ಣಗೆ. ರಿಲೇ ಹಾಕಿದ ಖುಷಿಗೆ 100 ವಾಟ್ ಬಲ್ಬ್ ಹಾಕಲು ಹೋಗಬೇಡಿ, ಎದುರು ಬರುವ ಬಸ್ ಡ್ರೈವರ್ ಕಣ್ಣು ಕುರುಡಾದರೆ ಗುದ್ದಿಸಿಕೊಳ್ಳುವುದು ನೀವೇ. 24 ವೋಲ್ಟಿನ ಗಾಡಿ ಇದ್ದವರಿಗೆ ಈ ಕಿಟ್ ಬೇಡವೇ ಬೇಡ, ಕಾಯಿಲ್ ಸುಟ್ಟುಹೋಗುತ್ತದೆ.

ಐದಕ್ಕೆ ಮೂರು ಸ್ಟಾರ್. ಸ್ವಂತ ವೈರ್ ಎಳೆಯುವ ತಾಳ್ಮೆ ಇದ್ದರೆ ತಗೊಳ್ಳಿ, ಡಬ್ಬಿಯಿಂದ ತೆಗೆದು ಹಾಗೇ ಹಾಕುವುದಾದರೆ ಬಿಟ್ಟುಬಿಡಿ. ಕಿತ್ತ ವೈರನ್ನು ಅಕ್ಕ ಹೀರೆ ಬಳ್ಳಿ ಕಟ್ಟಲು ತಗೊಂಡಿದ್ದಾಳೆ, ಅದಕ್ಕೆ ಚೆನ್ನಾಗಿದೆಯಂತೆ.