ಗ್ರಾಂ ಲೆಕ್ಕದ ಮಂಡಿನೋವಿನ ಪುಡಿ: ಹಾಸನದವರೇ, ಹುಷಾರು

ಮೊದಲೇ ಹೇಳಿಬಿಡುತ್ತೇನೆ. ಹೋದದ್ದು 28,000 ರೂಪಾಯಿ. ಪೆನ್ಷನ್ ದುಡ್ಡು. ಮರ್ಯಾದೆ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿಲ್ಲ. ಲೆಕ್ಕ ಅಂದರೇ ಈಗ ಮೈ ಉರಿಯುತ್ತದೆ. ಯಾಕೆಂದರೆ ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಗ್ರಾಂ, ಕಿಲೋಗ್ರಾಂ ತಪ್ಪು ಬರೆದ ಹುಡುಗರನ್ನ ಬೆಂಚಿನ ಮೇಲೆ ನಿಲ್ಲಿಸಿದವನು. ನನ್ನನ್ನ ಬೀಳಿಸಿದ್ದು ಅದೇ ಗ್ರಾಂ.

ಬೆಳಿಗ್ಗೆ ವಾಕಿಂಗ್ ಹೋಗುವ ನನ್ನ ವಯಸ್ಸಿನವರು ದಯವಿಟ್ಟು ಪೂರ್ತಿ ಓದಿ. ಮಕ್ಕಳು ಓದಿದರೆ ಅಪ್ಪ ಅಮ್ಮನಿಗೆ ಓದಿ ಹೇಳಿ. ಬೈಯಬೇಡಿ, ಓದಿ ಹೇಳಿದರೆ ಸಾಕು.

ನನಗೆ 67. ಮಂಡಿನೋವು ಹಳೆಯದು, ಆದರೆ ಜೋರಾಗಿದ್ದು ಕಳೆದ ದೀಪಾವಳಿ ಹೊತ್ತಿಗೆ. ಹಾಸನಾಂಬೆ ದರ್ಶನಕ್ಕೆ ಐದು ಗಂಟೆ ಸಾಲಿನಲ್ಲಿ ನಿಂತೆ. ವರ್ಷಕ್ಕೊಂದೇ ಸಲ ಬಾಗಿಲು ತೆಗೆಯುವ ತಾಯಿ, ಊರಲ್ಲೇ ಇದ್ದು ಹೋಗದೆ ಇರೋಕಾಗುತ್ತಾ? ದರ್ಶನ ಚೆನ್ನಾಗೇ ಆಯಿತು. ಮನೆಗೆ ಬಂದರೆ ಮೂರು ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಎಕ್ಸ್‌ರೇ ತೆಗೆಸಿದೆ. "ಸವೆದಿದೆ ಮೇಷ್ಟ್ರೇ, ವಯಸ್ಸಾಯ್ತಲ್ಲ" ಅಂದರು ಡಾಕ್ಟರು. ನೋವು ಜಾಸ್ತಿ ಆದಾಗ ಒಂದು ಮಾತ್ರೆ, ದಿನಾ ತೊಡೆಗೆ ವ್ಯಾಯಾಮ, ಆರು ಕೆಜಿ ತೂಕ ಇಳಿಸಬೇಕು ಅಂದರು. ಮಾತ್ರೆ ನುಂಗಿದೆ. ಉಳಿದೆರಡನ್ನ ಸುಮ್ನೆ ಮರೆತೆ.

ವಯಸ್ಸಾಗೋದರಲ್ಲಿ ತಮಾಷೆಯೂ ಇದೆ, ಇಲ್ಲ ಅನ್ನಲ್ಲ. ಮದುವೆ ಮನೆಗೆ ಹೋದರೆ ಮೊದಲು ಕಣ್ಣು ಹುಡುಕೋದು ಗಂಡು ಹೆಣ್ಣನ್ನಲ್ಲ, ಟೇಬಲ್ ಊಟ ಯಾವ ಕಡೆ ಅಂತ. ನೆಂಟರ ಹಳ್ಳಿಗೆ ಹೊರಡೋ ಮುಂಚೆ ಕಮೋಡ್ ಹಾಕಿಸಿದ್ದೀರಾ ಅಂತ ಫೋನ್ ಮಾಡಿ ಕೇಳೋದು. ಮಹಾರಾಜ ಪಾರ್ಕಿನ ನಮ್ಮ ಬೆಂಚಿನಲ್ಲಿ ಹಿಂದೆ ವೇತನ ಆಯೋಗದ ಚರ್ಚೆ ನಡೆಯುತ್ತಿತ್ತು, ಈಗ ಯೂರಿಕ್ ಆಸಿಡ್ ಚರ್ಚೆ. ಒಬ್ಬರು ಎರಡು ದಿನ ಬರದಿದ್ದರೆ ಮಗಳ ಮನೆಗೆ ಹೋಗಿದ್ದಾರಾ, ಅಡ್ಮಿಟ್ ಆಗಿದ್ದಾರಾ ಅಂತ ಒಂದು ಕಾಫಿ ಪಂದ್ಯ. ಇಷ್ಟೆಲ್ಲ ನಗಾಡುವ ನಾನೇ, ಬಸ್ಸಿನಲ್ಲಿ ಕಂಡಕ್ಟರು "ಅಜ್ಜನಿಗೆ ಜಾಗ ಬಿಡ್ರೀ" ಅಂದಾಗ ಹೊಳೆನರಸೀಪುರದ ತನಕ ನಿಂತೇ ಹೋದೆ. ಕೂರಲಿಲ್ಲ. ಈ ಹಾಳು ಜಂಬ ಇತ್ತಲ್ಲ, ಅದನ್ನೇ ಆ ಮೋಸಗಾರರು ಹಿಡಿದದ್ದು.

ಜನವರಿಯ ಒಂದು ಬೆಳಿಗ್ಗೆ ಪಾರ್ಕಿನ ಗೇಟಿನ ಹತ್ತಿರ ಒಬ್ಬರು ಮಾತಾಡಿಸಿದರು. ಆಗ "ಒಬ್ಬರು", ಈಗ ಅವನು. ಮೂವತ್ತೈದು ಇರಬಹುದು. ಇಸ್ತ್ರಿ ಶರ್ಟು, ಕಡು ನೀಲಿ ಜಾಕೆಟ್, ಕೈಯಲ್ಲಿ ಹೆಲ್ಮೆಟ್.

"ತಪ್ಪು ತಿಳ್ಕೋಬೇಡಿ ಸಾರ್. ನಿಮ್ಮ ನಡಿಗೆ ನೋಡಿ ನಮ್ಮ ತಂದೆ ನೆನಪಾದ್ರು. ಅವರೂ ನಿಮ್ಮ ಥರ ಮೇಷ್ಟ್ರೇ."

ನಾನು ಮೇಷ್ಟ್ರು ಅಂತ ಇವನಿಗೆ ಹೇಗೆ ಗೊತ್ತಾಯಿತು? ಆವತ್ತು ಹೊಳೆಯಲೇ ಇಲ್ಲ. ಬೆಂಚಿನಿಂದ ಅರ್ಧ ಪಾರ್ಕಿಗೆ ಕೇಳೋ ಹಾಗೆ "ಬನ್ನಿ ಮೇಷ್ಟ್ರೇ" ಅಂತ ಕೂಗ್ತಾರಲ್ಲ, ಅಷ್ಟು ಸಾಕು.

ತಂದೆಗೆ ಬೆಂಗಳೂರಿನಲ್ಲಿ ಮಂಡಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತಂತೆ. ಯಾರೋ ಗುರುಗಳ ಔಷಧಿ, 21 ದಿನ. ಈಗ ಸಕಲೇಶಪುರದ ತೋಟದಲ್ಲಿ ಆಳುಗಳ ಜೊತೆ ಏರು ಹತ್ತಿ ಇಳಿಯುತ್ತಾರಂತೆ. ಬೇಕಾದ್ರೆ ಮಾತಾಡಿ ಅಂತ ಫೋನ್ ಹಚ್ಚಿಯೇ ಕೊಟ್ಟ. ಆ ಕಡೆ ಒಂದು ಮುದಿ ದನಿ: "ನಾನೂ ನಂಬಿರಲಿಲ್ಲ ಮೇಷ್ಟ್ರೇ." ಆಮೇಲೆ ಇವನು ನನ್ನ ವಯಸ್ಸು ಕೇಳಿದ. ಹೇಳಿದೆ. "ಅರವತ್ತೇಳಾ! ಐವತ್ತೈದು ಅಂದ್ಕೊಂಡಿದ್ದೆ ಸಾರ್." ಆ ಒಂದು ಮಾತಿಗೇ ಹತ್ತು ಸಾವಿರ ಹೋಯಿತು ಅನ್ನಿ.

ಮನೆಯಾಕೆ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಳು. ತಾನು ಇದ್ದಿದ್ದರೆ ಇದೆಲ್ಲ ಆಗ್ತಾ ಇರಲಿಲ್ಲ ಅಂತ ಈಗ ದಿನಕ್ಕೆ ಮೂರು ಸಲ ಹೇಳುತ್ತಾಳೆ. ಊಟಕ್ಕೆ ಮುಂಚೆ, ಊಟ ಆದ ಮೇಲೆ. ನನ್ನ ಮಾತ್ರೆಗಳ ಥರ.

"ಗುರುಗಳು" ಮಾರನೇ ದಿನ ಮನೆಗೇ ಬಂದರು. ಬಿಳಿ ಪಂಚೆ, ವಿಭೂತಿ. ನಾಡಿ ಹಿಡಿದರು, ಮಂಡಿ ಚಿಪ್ಪು ಒತ್ತಿದರು. ವಾತ ಜಾಸ್ತಿ ಅಂದರು. ಫೀಸು ಎಷ್ಟು ಅಂದರೆ ಕೈ ಮುಗಿದರು. "ವಿದ್ಯೆ ಮಾರಬಾರದು ಮೇಷ್ಟ್ರೇ. ನಿಮಗೆ ಹೇಳಬೇಕಾ?" ಆಮೇಲೆ ನಿಮಗೇನಾದರೂ ಆಸೆ ಇದೆಯಾ ಅಂತ ಕೇಳಿದರು. ಎಂಥ ಪ್ರಶ್ನೆ ನೋಡಿ. ಯಾವ ಡಾಕ್ಟರೂ ಕೇಳಿರಲಿಲ್ಲ. ವರ್ಷ ವರ್ಷ ಮಕ್ಕಳನ್ನ ಕರೆದುಕೊಂಡು ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿದವನು ನಾನು. ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಇನ್ನೊಂದು ಸಲ ಹತ್ತಬೇಕು ಅಂದೆ. "2018ರಲ್ಲಿ ಮಹಾಮಸ್ತಕಾಭಿಷೇಕ ಆಯ್ತಲ್ಲ, 2030ರದ್ದನ್ನ ನೀವು ಮೇಲೆ ನಿಂತು ನೋಡ್ತೀರಿ" ಅಂದರು. ಕಣ್ಣಲ್ಲಿ ನೀರು ಬಂತು. ಈಗ ನೆನೆಸಿಕೊಂಡರೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸುತ್ತದೆ.

ಚೀಟಿ ಬರೆದರು. ಅಶ್ವಗಂಧ, ಹಿಪ್ಪಲಿ, ಒಂದು ಎಣ್ಣೆ, ಮತ್ತೆ "ಸ್ವರ್ಣ" ಅಂತ ಶುರುವಾಗುವ ಒಂದು ಹೆಸರು. ನಾನು ಎಲ್ಲೂ ಕೇಳಿರಲಿಲ್ಲ. ಎಷ್ಟಾಗಬಹುದು ಅಂದೆ. "ಸಾವಿರ, ಒಂದೂವರೆ ಸಾವಿರ. ಆದ್ರೆ ಎಲ್ಲ ಕಡೆ ಅಸಲಿ ಸಿಗಲ್ಲ, ನಾನು ಹೇಳಿದ ಅಂಗಡಿಗೇ ಹೋಗಿ." ಆ ನೀಲಿ ಜಾಕೆಟ್ಟಿನವನು ಬೈಕಿನಲ್ಲಿ ಕರೆದುಕೊಂಡು ಹೋದ. ಸೇವೆ ನೋಡಿ!

ಗ್ರಂಥಿಗೆ ಅಂಗಡಿಗೆ ನಾವೆಲ್ಲ ಹೋಗಿದ್ದೇವೆ. ಐವತ್ತು ಗ್ರಾಂ ಅತಿಮಧುರ, ಇಪ್ಪತ್ತು ರೂಪಾಯಿಯ ಬಜೆ, ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ರೇಟು ಕೇಳಿದರೆ ನೂರು ಗ್ರಾಮಿಗೋ ಕಾಲು ಕೆಜಿಗೋ ಹೇಳುತ್ತಾರೆ. ನಾನು ಹೋದದ್ದು ಅದೇ ಗುಂಗಿನಲ್ಲಿ. ಅಂಗಡಿಯವನು ಚೀಟಿಯ ಪಕ್ಕದಲ್ಲಿ ಪೆನ್ನಿನಿಂದ 320, 95, 40 ಅಂತ ಬರೆದ. ಎಣ್ಣೆಗೆ 450. "ಆಗಬಹುದಾ ಸಾರ್?" ಅಂದ. ಮನಸ್ಸಿನಲ್ಲೇ ಕೂಡಿದೆ. ಒಂಬೈನೂರು ಚಿಲ್ಲರೆ. ಗುರುಗಳು ಹೇಳಿದ್ದಕ್ಕಿಂತ ಕಮ್ಮಿಯೇ ಆಯಿತಲ್ಲ ಅಂತ ಖುಷಿ. ಆಗಲಿ ಅಂದೆ.

ಹುಡುಗ ತೂಗಿದ. ಎಲ್ಲ ಒಂದೇ ಮಿಕ್ಸಿ ಜಾರಿಗೆ ಸುರಿದ. ಗರ್ರ್ ಅಂತ ಅರೆದ. ಸದ್ದು ನಿಂತ ಮೇಲೆ ಅಂಗಡಿಯವನು ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ. ಗುಂಡಿಗಳ ಮೇಲಿನ ಅಂಕಿ ಅರ್ಧ ಅಳಿಸಿಹೋಗಿದ್ದವು. "ನೀವು ಲೆಕ್ಕದ ಮೇಷ್ಟ್ರಂತೆ. ನೀವೇ ಹಾಕಿ ಸಾರ್. 320 ಇಂಟು 100."

ಹಾಕಿದೆ. ನನ್ನ ಬೆರಳಿನಿಂದಲೇ ಹಾಕಿದೆ. 32,000.

"ಇದೇನ್ರೀ?"

"ಗ್ರಾಮಿಗೆ 320 ಸಾರ್. ನೂರು ಗ್ರಾಂ ಬರೆದಿದ್ದಾರಲ್ಲ."

ಮಿಕ್ಕಿದ್ದು 95ರದ್ದು ಐವತ್ತು ಗ್ರಾಂ, 4,750. 40ರದ್ದು ಐವತ್ತು ಗ್ರಾಂ, 2,000. ಎಣ್ಣೆ ಸೇರಿ 39,200. ನನಗೆ ಕೈಕಾಲು ತಣ್ಣಗಾಯಿತು. ಗ್ರಾಂ ಲೆಕ್ಕದಲ್ಲಿ ಕೊಳ್ಳೋಕೆ ಇದೇನು ಕೇಸರಿಯಾ, ಬಂಗಾರವಾ? ಬೇಡ ಅಂದೆ.

"ಅರೆದಾಯ್ತಲ್ಲ ಸಾರ್. ಈಗ ಬೇರೆ ಬೇರೆ ಮಾಡೋಕಾಗುತ್ತಾ?"

ಹೌದು, ಅದಕ್ಕೇ ಮೊದಲು ಅರೆದದ್ದು. ಈಗ ಗೊತ್ತಾಗುತ್ತೆ. ಎಲ್ಲ ಅರೆದ ಮೇಲೆ ಲೆಕ್ಕ. ಅಂಗಡಿಯಲ್ಲಿ ಇನ್ನಿಬ್ಬರು ನಿಂತಿದ್ದರು, ಅವರೂ ನನ್ನನ್ನೇ ನೋಡುತ್ತಿದ್ದರು. ಗಿರಾಕಿಗಳೋ ಅವನ ಕಡೆಯವರೋ, ದೇವರಿಗೇ ಗೊತ್ತು. ನೀಲಿ ಜಾಕೆಟ್ಟಿನವನು ನನ್ನ ಪರವಾಗಿ ಚೌಕಾಸಿ ಮಾಡಿದ ಹಾಗೆ ನಾಟಕ ಆಡಿದ. "ಮೇಷ್ಟ್ರು ಕಣಣ್ಣಾ, ಬಿಟ್ಟುಕೊಡಿ." 28,000ಕ್ಕೆ ಇಳಿಯಿತು. ನಾನು ಥ್ಯಾಂಕ್ಸ್ ಬೇರೆ ಹೇಳಿದೆ! ಕೈಯಲ್ಲಿ 3,000 ಇತ್ತು, ಕೊಟ್ಟೆ. 25,000 ಫೋನಿನಲ್ಲಿ ಹಾಕಿದೆ. ಬಿಲ್ ಕೇಳಿದರೆ "ಬಿಲ್ ಹಾಕಿದ್ರೆ ಟ್ಯಾಕ್ಸ್ ಸೇರುತ್ತೆ, ನಿಮಗೇ ಲಾಸು" ಅಂದ. ಯಾಕೆ ಎದ್ದು ಬರಲಿಲ್ಲ ಅಂತ ಮಗ ಕೇಳುತ್ತಾನೆ. ನಾಲ್ಕು ಜನರ ಮುಂದೆ ಲೆಕ್ಕದ ಮೇಷ್ಟ್ರು ಲೆಕ್ಕ ತಪ್ಪಿದ ಅಂತ ಆಗಬಾರದಿತ್ತು, ಅಷ್ಟೇ ಕಾರಣ. ಬೇರೆ ಕಾರಣ ಇಲ್ಲ.

ಇನ್ನೊಂದು ನಾಚಿಕೆಯ ವಿಷಯ. ಪುಡಿ ಕೆಲಸ ಮಾಡಿತು! ಬಿಸಿನೀರಿಗೆ ಹಾಕಿ ದಿನಕ್ಕೆರಡು ಸಲ ಕುಡಿದೆ. ನಾಲ್ಕನೇ ದಿನ ನೋವು ಮಾಯ. ಮೆಟ್ಟಿಲು ಇಳಿದೆ, ಹತ್ತಿದೆ, ಪಾರ್ಕಿನಲ್ಲಿ ಎರಡು ಸುತ್ತು ಜಾಸ್ತಿ ಹಾಕಿದೆ. ಹೊಟ್ಟೆ ಹಸಿವು ಬೇರೆ, ಹುಡುಗರ ಥರ. ಬೆಂಚಿನಲ್ಲಿ ಕೂತು ಗುರುಗಳ ಗುಣಗಾನ ಮಾಡಿದೆ. ರಿಟೈರ್ಡ್ ಬ್ಯಾಂಕಿನವರೊಬ್ಬರು ನಂಬರ್ ಕೂಡ ಬರೆದುಕೊಂಡರು. ಅವರು ಹೋಗಲಿಲ್ಲ, ನನ್ನ ಪುಣ್ಯ.

ಮೂರನೇ ವಾರಕ್ಕೆ ಮುಖ ಊದಿಕೊಂಡಿತು. ಮೊದಲು ಅದನ್ನೂ ಆರೋಗ್ಯದ ಕಳೆ ಅಂದುಕೊಂಡೆ. ಮೈಸೂರಿನಿಂದ ಬಂದ ಮನೆಯಾಕೆ ಬಾಗಿಲಲ್ಲೇ "ಏನ್ರೀ ಇದು, ಕಡುಬಿನ ಥರ ಆಗಿದೀರಿ" ಅಂದಳು. ನನಗೆ ಸಕ್ಕರೆ ಕಾಯಿಲೆ ಇದೆ. ಊಟ ಆದ ಮೇಲೆ 180ರ ಆಸುಪಾಸು ಇರುತ್ತಿದ್ದದ್ದು 312 ಆಗಿತ್ತು.

ಡಾಕ್ಟರು ಪುಡಿಯ ಕವರನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ಇಲ್ಲ, ತಯಾರಾದ ದಿನಾಂಕ ಇಲ್ಲ. ಲ್ಯಾಬಿನಲ್ಲಿ ನೋಡದೆ ಖಂಡಿತ ಹೇಳೋಕಾಗಲ್ಲ, ಆದರೆ ಸ್ಟೀರಾಯ್ಡ್ ಬೆರೆಸಿದ ಅನುಮಾನ ಅಂದರು. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್, ಜೊತೆಗೆ ನೋವಿನ ಮಾತ್ರೆ ಪುಡಿ ಮಾಡಿ ಸೇರಿಸುವುದು ಹಳೇ ಆಟವಂತೆ. ಅದಕ್ಕೇ ಮೂರ್ನಾಲ್ಕು ದಿನದಲ್ಲಿ ನೋವು ಹೋಗೋದು, ಹಸಿವಾಗೋದು, ಮುಖ ಊದೋದು, ಸಕ್ಕರೆ ಏರೋದು. ವರ್ಷಗಟ್ಟಲೆ ತಿಂದರೆ ಮೂಳೆಯೇ ಟೊಳ್ಳು. ಜಾಸ್ತಿ ದಿನ ತಿಂದವರು ಒಂದೇ ಸಲ ನಿಲ್ಲಿಸಿದರೂ ಅಪಾಯವಂತೆ, ದೇಹ ತನ್ನದೇ ಸ್ಟೀರಾಯ್ಡ್ ತಯಾರು ಮಾಡುವುದನ್ನೇ ನಿಲ್ಲಿಸಿರುತ್ತದೆ. ಅದಕ್ಕೇ ದಿನ ಬಿಟ್ಟು ದಿನ ಬಂದು ತೋರಿಸಿ ಅಂದರು. ಒಟ್ಟಿಗೆ ಹದಿನೈದು ದಿನ ಓಡಾಡಿದೆ.

ಗುರುಗಳಿಗೆ ಫೋನ್ ಮಾಡಿದೆ. ಉತ್ತರ ಕೇಳಿ.

"ಒಳಗಿನ ವಿಷ ಹೊರಗೆ ಬರ್ತಾ ಇದೆ ಮೇಷ್ಟ್ರೇ. ಮುಖ ಊದಬೇಕು. ಊದಲಿಲ್ಲ ಅಂದ್ರೇ ನಾನು ಹೆದರೋದು."

ಸಕ್ಕರೆ 312 ಅಂದೆ. "ಆ ಮೆಷಿನ್ ನೋಡಬೇಡಿ. ನಾಡಿ ನಾನು ನೋಡಿದೀನಲ್ಲ." ದುಡ್ಡು ವಾಪಸ್ ಅಂದೆ. "ನಾನು ನಿಮ್ಮ ಹತ್ರ ಒಂದು ರೂಪಾಯಿ ಮುಟ್ಟಿದೀನಾ? ಹೇಳಿ." ಮುಟ್ಟಿಲ್ಲ, ನಿಜ. ಅದಕ್ಕೇ ಮುಟ್ಟಲಿಲ್ಲ! ಕೊನೆಗೆ, ಎರಡನೇ ಕೋರ್ಸ್ ತಗೊಂಡ್ರೆ ಎಲ್ಲ ಸರಿಹೋಗುತ್ತೆ, ಅಂಗಡಿಯವನಿಗೆ ನಾನು ಹೇಳ್ತೀನಿ ಅಂದ. ಆಮೇಲೆ ಫೋನ್ ಹೋಗಲೇ ಇಲ್ಲ.

ಅಂಗಡಿಗೆ ಹೋದೆ. ಅವನು ತಲೆ ಎತ್ತಲಿಲ್ಲ. "ವೈದ್ಯರು ಬರೆದಿದ್ದನ್ನ ಕೊಟ್ಟಿದೀವಿ. ಅನ್ನ ಸೀದುಹೋದ್ರೆ ಅಕ್ಕಿ ಅಂಗಡಿಗೆ ಬರ್ತೀರಾ?" ನಾನೇ ಕ್ಯಾಲ್ಕುಲೇಟರ್ ಒತ್ತಿದ್ದನ್ನ ಬೇರೆ ನೆನಪಿಸಿದ. ಸುಮ್ನೆ ಬಂದೆ. ದುಡ್ಡು ಹೋದ ಖಾತೆಯಲ್ಲಿ ಅಂಗಡಿ ಹೆಸರೇ ಇಲ್ಲ, ಯಾರೋ ಒಬ್ಬನ ಹೆಸರು. ಮಗ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದಾನೆ. ಬಿಲ್ ಇದೆಯಾ ಅಂತ ಕೇಳಿದರು. ಇಲ್ಲ.

ನಾನು ಆಯುರ್ವೇದ ಬೈಯುತ್ತಿಲ್ಲ. ನಮ್ಮ ಹಾಸನದಲ್ಲೇ ಆಯುರ್ವೇದ ಕಾಲೇಜು ಆಸ್ಪತ್ರೆ ಇದೆ, ಬಿ.ಎ.ಎಂ.ಎಸ್. ಓದಿದವರಿದ್ದಾರೆ, ಅವರ ಹತ್ತಿರ ಹೋಗಿ, ಯಾರು ಬೇಡ ಅಂದರು? ಯಾವ ಕಾಲೇಜಿನ ಡಾಕ್ಟರೂ ಪಾರ್ಕಿನ ಗೇಟಿನಲ್ಲಿ ನಿಂತು ಮಂಡಿ ಹುಡುಕಲ್ಲ. ನಿಮ್ಮ ನಡಿಗೆ ನೋಡಿ ಅಪ್ಪನನ್ನ ನೆನೆಸಿಕೊಳ್ಳುವವನು ಸಿಕ್ಕರೆ ನಿಲ್ಲಬೇಡಿ. ಇಂಥದೇ ಅಂಗಡಿಗೆ ಹೋಗಿ ಅಂದರೆ ಹೋಗಬೇಡಿ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡೋದೇ 1954ರ ಕಾನೂನಿನ ಪ್ರಕಾರ ಅಪರಾಧ. ಆ "ಗುರು" ಅದನ್ನೂ ವಾಸಿ ಮಾಡ್ತೀನಿ ಅಂದಿದ್ದ, ಮೇಲೆ ಬರೆಯೋಕೆ ಮರೆತೆ. ಅರೆಯೋ ಮುಂಚೆ ಕೇಳಿ: ಗ್ರಾಮಿಗಾ, ನೂರು ಗ್ರಾಮಿಗಾ? ಜೋರಾಗಿ ಕೇಳಿ. ನಾಚಿಕೆ ಬಿಡಿ. ನಾನು ಬಿಡಲಿಲ್ಲ.

ಉಳಿದ ಪುಡಿ ಹಾರ್ಲಿಕ್ಸ್ ಬಾಟಲಿಯಲ್ಲಿ ಫ್ರಿಜ್ಜಿನ ಮೇಲಿದೆ. ಜಿಲ್ಲಾ ಆಯುಷ್ ಕಚೇರಿಗೆ ಕೊಡಬೇಕು, ಮಗ ಬಂದ ಮೇಲೆ ಹೋಗುತ್ತೇವೆ. ಮನೆಯಾಕೆ ಅದರ ಮೇಲೆ ಚೀಟಿ ಅಂಟಿಸಿದ್ದಾಳೆ: "ಮುಟ್ಟಬೇಡಿ, ಚಿನ್ನ."

ಮೊನ್ನೆ ಗುರುವಾರ ಮಹಾವೀರ ಸರ್ಕಲ್ ಹತ್ತಿರ ಅದೇ ನೀಲಿ ಜಾಕೆಟ್ ಕಂಡಿತು. ಕೋಲು ಹಿಡಿದ ಒಬ್ಬ ಅಮ್ಮನ ಮುಂದೆ ಬಗ್ಗಿ ನಿಂತು ಮಾತಾಡುತ್ತಿದ್ದ. ಏಯ್ ಅಂತ ಕೂಗಿದೆ. ಟ್ರಾಫಿಕ್ಕಿನಲ್ಲಿ ಕೇಳಿಸಲಿಲ್ಲ. ರಸ್ತೆ ದಾಟಿ ಹಿಡಿಯೋಣ ಅಂದರೆ ಮಂಡಿ ಬಿಡಲಿಲ್ಲ. ನಾನು ಆ ಕಡೆ ಮುಟ್ಟುವಷ್ಟರಲ್ಲಿ ಇಬ್ಬರೂ ಇರಲಿಲ್ಲ. ಆ ಅಮ್ಮ ಬಿಳಿ ಸೆರಗಿನ ಹಸಿರು ಸೀರೆ ಉಟ್ಟಿದ್ದರು, ಕೈಯಲ್ಲಿ ತರಕಾರಿ ಬುಟ್ಟಿ ಇತ್ತು. ನಿಮ್ಮ ಮನೆಯವರೇನಾದರೂ ಇರಬಹುದಾ, ಇವತ್ತೇ ಕೇಳಿ.