ಗೇಮ್ ಒಳಗೆ ಸಿಕ್ಕಿಬಿದ್ದವನ ಜೊತೆ 14 ವರ್ಷ: ಒಂದು ವೆಬ್‌ಕಾಮಿಕ್ ಓದುಗನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಕಾಮಿಕ್‌ನ ಹೆಸರು ಇಲ್ಲಿ ಬರೆಯುವುದಿಲ್ಲ. ಕೆಳಗೆ ದೂರು ಜಾಸ್ತಿ ಇದೆ. ಅದನ್ನು ಮಾಡುತ್ತಿರುವುದು ಕಂಪನಿಯಲ್ಲ, ಒಬ್ಬನೇ ಮನುಷ್ಯ, ಅದೂ ಪುಕ್ಕಟೆಯಾಗಿ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ನಾನು 2011ರಿಂದ ಎಣಿಸುತ್ತಲೇ ಇದ್ದೇನೆ. ಹಾಗಾಗಿ ಇದನ್ನು ‘ಓದಿ’ ಅಥವಾ ‘ಓದಬೇಡಿ’ ಅನ್ನುವ ವಿಮರ್ಶೆ ಅಂದುಕೊಳ್ಳಬೇಡಿ. ಈ ಬಗೆಯ ಕಾಮಿಕ್ ಹಿಡಿದು ಕೂತರೆ ಏನೇನಾಗುತ್ತೆ ಅನ್ನುವ ವರದಿ ಅಂದುಕೊಳ್ಳಿ. ಕಾಮಿಕ್ ಇರುವುದು ಇಂಗ್ಲಿಷ್‌ನಲ್ಲಿ. ಮಾತುಗಳನ್ನು ನಾನೇ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ.

ಕಥೆ ಚಿಕ್ಕದು. ಕೆಲಸ ಮುಗಿಸಿ ಬಂದು ಒಂದೆರಡು ಗಂಟೆ ಗೇಮ್ ಆಡುವ ಸಾಧಾರಣ ಹುಡುಗ. ಒಂದು ರಾತ್ರಿ ಟಿವಿ ಅವನನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಗೇಮ್‌ನಿಂದ ತಪ್ಪಿಸಿಕೊಂಡರೆ ಇನ್ನೊಂದು ಗೇಮ್. ಮನೆಗೆ ಮಾತ್ರ ದಾರಿ ಸಿಗುವುದಿಲ್ಲ. ಐಡಿಯಾ ಹೊಸದೇನಲ್ಲ. 1982ರ ‘ಟ್ರಾನ್’ ಸಿನಿಮಾದಲ್ಲೇ ಒಬ್ಬ ಕಂಪ್ಯೂಟರ್ ಒಳಗೆ ಸಿಕ್ಕಿಬಿದ್ದಿದ್ದ. ಆದರೆ ಅವನು ಪ್ರೋಗ್ರಾಮರ್, ಗೇಮ್ ಬರೆದವನು. ನಮ್ಮವನು ಬರೀ ಆಡಿದವನು. ಒಳಗಿನ ಯಂತ್ರ ಇವನಿಗೆ ಗೊತ್ತಿಲ್ಲ. ಅದು ಹೇಗೆ ನಡೆದುಕೊಳ್ಳುತ್ತೆ ಅನ್ನುವುದು ಗೊತ್ತು, ಪಕ್ಕದ ಮನೆ ನಾಯಿ ಯಾವಾಗ ಬೊಗಳುತ್ತೆ ಅಂತ ನಮಗೆ ಗೊತ್ತಿರುವ ಹಾಗೆ. ಇಡೀ ಕಾಮಿಕ್ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಬರೆಯುವವನು ಅದನ್ನು ಮರೆತಾಗಲೆಲ್ಲ ಮುಗ್ಗರಿಸಿದ್ದಾನೆ.

ಇದು ಶುರುವಾದದ್ದು ಸ್ಪ್ರೈಟ್ ಕಾಮಿಕ್ ಆಗಿ. ಹಳೇ ಗೇಮ್‌ಗಳ ಪುಟ್ಟ ಪುಟ್ಟ ಚೌಕದ ಗೊಂಬೆಗಳನ್ನೇ ಎತ್ತಿಕೊಂಡು, ಹಿನ್ನೆಲೆಯ ಮೇಲೆ ಕೂರಿಸಿ, ಮಾತಿನ ಗುಳ್ಳೆ ಅಂಟಿಸುವ ಕೆಲಸ. 2000ದ ಆಚೀಚೆ ಇಂಥವು ರಾಶಿ ರಾಶಿ ಬಂದವು. ಚಿತ್ರ ಬಿಡಿಸಲು ಬಾರದವನೂ ಕಥೆ ಹೇಳಬಹುದಿತ್ತಲ್ಲ. ಬಹಳಷ್ಟು ಅರ್ಧಕ್ಕೇ ನಿಂತವು. ‘ಏಯ್ಟ್-ಬಿಟ್ ಥಿಯೇಟರ್’ ಥರ 2001ರಲ್ಲಿ ಶುರುವಾಗಿ 2010ರಲ್ಲಿ ಮುಕ್ತಾಯ ಕಂಡದ್ದು ಅಪರೂಪ.

ಇಲ್ಲಿ ಹೀರೋನ ಗೊಂಬೆಯನ್ನು ಮಾತ್ರ ಎಲ್ಲಿಂದಲೂ ಎತ್ತಿಲ್ಲ. ಅದನ್ನು ಕೈಯಲ್ಲೇ, ಚುಕ್ಕಿ ಚುಕ್ಕಿಯಾಗಿ ಮಾಡಿದ್ದಾರೆ. ಯಾವ ಗೇಮ್‌ಗೆ ಹೋದರೆ ಆ ಗೇಮ್‌ನ ಅಳತೆಗೆ ಅವನು ಕುಗ್ಗುತ್ತಾನೆ. ಹಳೇ ಎಂಟು-ಬಿಟ್ ನಿಂಟೆಂಡೋ ಗೇಮ್ ಯಂತ್ರದಲ್ಲಿ ಒಂದು ಸ್ಪ್ರೈಟ್‌ಗೆ, ಅಂದರೆ ಗೊಂಬೆ ಕಟ್ಟುವ ಚಿತ್ರದ ತುಂಡಿಗೆ, ಮೂರೇ ಬಣ್ಣ, ಮಿಕ್ಕಿದ್ದು ಪಾರದರ್ಶಕ. ಅಲ್ಲಿಗೆ ಬಿದ್ದ ಕೂಡಲೇ ಹುಡುಗ ಕೈ ನೋಡಿಕೊಳ್ಳುತ್ತಾನೆ, ಕಾಲು ನೋಡಿಕೊಳ್ಳುತ್ತಾನೆ, ಆಮೇಲೆ ಕೇಳುತ್ತಾನೆ: “ನನ್ನ ಕೂದಲು, ಕಣ್ಣು, ಚಪ್ಪಲಿ ಎಲ್ಲ ಒಂದೇ ಬಣ್ಣ ಯಾಕೆ?” ನಾನು ಬಿದ್ದದ್ದು ಆ ಪ್ಯಾನೆಲ್‌ಗೆ.

ಆದರೆ ಯಾರಿಗಾದರೂ ತೋರಿಸುವುದಿದ್ದರೆ ನಾನು ತೆಗೆಯುವುದು ಬೇರೆ ಕಂತು. ಅದೇ ಎಂಟು-ಬಿಟ್ ಲೋಕ, ಗುಂಡು ಹಾರಿಸುತ್ತಾ ಓಡುವ ಗೇಮ್. ಶತ್ರುಗಳು ಸಾಲಾಗಿ ಬರುತ್ತಿದ್ದಾರೆ. ಅವರು ಮಿಣುಕುವುದನ್ನು ಹುಡುಗ ಗಮನಿಸುತ್ತಾನೆ. ಹಳೇ ಗೇಮ್ ಆಡಿದವರಿಗೆಲ್ಲ ಈ ಮಿಣುಕು ಗೊತ್ತು. ಆ ಯಂತ್ರಕ್ಕೆ ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟು ಸ್ಪ್ರೈಟ್‌ಗಿಂತ ಜಾಸ್ತಿ ತೋರಿಸಲು ಆಗುತ್ತಿರಲಿಲ್ಲ. ಒಂದು ಗೊಂಬೆಯ ಅಗಲಕ್ಕೆ ಎರಡು ಸ್ಪ್ರೈಟ್ ಹಿಡಿದರೆ ನಾಲ್ಕು ಗೊಂಬೆಗೆ ಲೆಕ್ಕ ಮುಗಿಯಿತು. ಐದನೆಯದು ಮಾಯ. ಹುಡುಗನಿಗೆ ಈ ಲೆಕ್ಕವೆಲ್ಲ ಗೊತ್ತಿಲ್ಲ. ‘ಜನ ಜಾಸ್ತಿಯಾದರೆ ಯಾರೋ ಒಬ್ಬರು ಕಾಣಲ್ಲ’ ಅಂತಷ್ಟೇ ಗೊತ್ತು. ಅವನು ಓಡುವುದನ್ನು ನಿಲ್ಲಿಸಿ ಶತ್ರುಗಳ ಸಾಲಿನಲ್ಲೇ ಹೋಗಿ ನಿಲ್ಲುತ್ತಾನೆ. ಮುಂದಿನ ಪ್ಯಾನೆಲ್‌ನಲ್ಲಿ ನಾಲ್ಕು ಸೈನಿಕರು, ಐದನೇ ಜಾಗ ಖಾಲಿ. ಖಾಲಿ ಜಾಗದಿಂದ ಒಂದು ಗುಳ್ಳೆ: “ಗೆದ್ದೆ.” ಅದರ ಮುಂದಿನ ಪ್ಯಾನೆಲ್‌ನಲ್ಲಿ ಖಾಲಿ ಜಾಗಕ್ಕೆ ಗುಂಡು ತಾಗಿ “ಅಯ್ಯೋ!”

ನಕ್ಕು ಸಾಕಾದ ಮೇಲೆ ಯೋಚನೆ ಬಂತು, ಇದು ಸರಿಯಾಗೇ ಇದೆ ಅಲ್ವಾ ಅಂತ. ಮಾಯವಾಗುವುದು ಚಿತ್ರ ಮಾತ್ರ. ಗುಂಡು ತಾಗಿತೋ ಇಲ್ಲವೋ ಅಂತ ಗೇಮ್ ಬೇರೆಯಾಗಿ ಲೆಕ್ಕ ಹಾಕುತ್ತೆ. ಕಾಣದಿದ್ದರೂ ಪೆಟ್ಟು ತಪ್ಪುವುದಿಲ್ಲ. ಬರೆದವನು ಗೇಮ್‌ಗೆ ಮೋಸ ಮಾಡದೆ ನಗಿಸಿದ್ದಾನೆ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಎಲ್ಲ ಕಂತುಗಳೂ ಈ ಮಟ್ಟದಲ್ಲೇ ಇದ್ದವು.

ಇನ್ನೊಂದರಲ್ಲಿ ಅವನು ‘ಕಾಂಟ್ರಾ’ ಗೇಮ್ ಒಳಗೆ ಬೀಳುತ್ತಾನೆ. ಮೂವತ್ತು ಜೀವ ಕೊಡುವ ಆ ಸಂಕೇತ, ಅಂದರೆ ಬಟನ್ ಒತ್ತುವ ಕ್ರಮ, ಅವನಿಗೆ ಬಾಯಿಪಾಠ. ‘ಗ್ರೇಡಿಯಸ್’ ಗೇಮನ್ನು 1986ರಲ್ಲಿ ನಿಂಟೆಂಡೋಗೆ ತರುವಾಗ ಕಝುಹಿಸಾ ಹಶಿಮೊಟೊ ಅನ್ನುವವರು, ಪರೀಕ್ಷೆಗೆಂದು ಆಡಲು ತಮಗೇ ಕಷ್ಟವಾಗಿ ಸೇರಿಸಿಕೊಂಡಿದ್ದ ಸಂಕೇತ ಅದು. ಹುಡುಗ ಎರಡು ಸಲ ಹಾರುತ್ತಾನೆ, ಎರಡು ಸಲ ಬಗ್ಗುತ್ತಾನೆ, ಎಡ, ಬಲ, ಎಡ, ಬಲ. ಆಮೇಲೆ ಸುಮ್ನೆ ನಿಲ್ಲುತ್ತಾನೆ. ಬಿ, ಎ ಒತ್ತಬೇಕು. ಅವನ ಮೈಮೇಲೆ ಬಟನ್ ಇಲ್ಲ.

ಚುಕ್ಕಿ ತಿನ್ನುತ್ತಾ ಹೋಗುವ ಪ್ಯಾಕ್-ಮ್ಯಾನ್ ಗೇಮ್‌ನ ಭಾಗದಲ್ಲಿ ನಾನೇ ಮೋಸ ಹೋದೆ. ಒಂದು ಪುಟದ ಎಡ ಅರ್ಧ ಸರಿ ಇದೆ, ಬಲ ಅರ್ಧದಲ್ಲಿ ಅಕ್ಷರ, ಅಂಕಿ, ಬಣ್ಣದ ಚೂರು ಎಲ್ಲ ಕಲಸಿಹೋಗಿವೆ. ಫೈಲ್ ಕೆಟ್ಟಿದೆ ಅಂದುಕೊಂಡು ಮೂರು ಸಲ ರಿಫ್ರೆಶ್ ಮಾಡಿದೆ. ಬೇರೆ ಬ್ರೌಸರ್‌ನಲ್ಲಿ ತೆರೆದೆ. ಬರೆದವನಿಗೆ ‘ನಿಮ್ಮ ಪುಟ ಹಾಳಾಗಿದೆ’ ಅಂತ ಒಂದು ಮೇಲ್ ಕೂಡ ಹಾಕಿದೆ. ಉತ್ತರ ಒಂದೇ ಸಾಲು: “256ನೇ ಲೆವೆಲ್.” ಆಮೇಲೆ ತಲೆಗೆ ಹೊಳೆಯಿತು. ಆ ಗೇಮ್ ಲೆವೆಲ್ ಎಣಿಸುವುದು ಒಂದೇ ಬೈಟ್‌ನಲ್ಲಿ, ಅದರಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. 256ಕ್ಕೆ ಬಂದರೆ ಪರದೆಯ ಬಲ ಅರ್ಧ ಕೆಡುತ್ತೆ, ತಿನ್ನಬೇಕಾದಷ್ಟು ಚುಕ್ಕಿಯೇ ಸಿಗಲ್ಲ, ಲೆವೆಲ್ ಮುಗಿಯಲ್ಲ. ಹುಡುಗ ಆ ಗೆರೆಯ ಎಡಗಡೆ ನಿಂತು ಬಲಗಡೆಗೆ ಕೈ ಚಾಚುವ ಚಿತ್ರವನ್ನು ಬಹಳ ದಿನ ವಾಲ್‌ಪೇಪರ್ ಮಾಡಿಕೊಂಡಿದ್ದೆ.

‘ಸಾಧಾರಣ’ ಅನ್ನುವ ಮಾತನ್ನು ಈ ಕಾಮಿಕ್ ನಿಜವಾಗಿ ನಂಬುತ್ತೆ. ಹುಡುಗ ಎಲ್ಲ ಗೇಮ್ ಮುಗಿಸಿದವನಲ್ಲ. ಒಂದು ಉದ್ದದ ಆರ್‌ಪಿಜಿಯಲ್ಲಿ (ಒಂದು ಪಾತ್ರವಾಗಿ ಕಥೆಯ ಜೊತೆ ಸಾಗುವ ಗೇಮ್) ರಾಜಕುಮಾರನಿಗೆ, ಮಂತ್ರವಾದಿಗೆ, ಹಡಗಿನ ಕ್ಯಾಪ್ಟನ್‌ಗೆ ಎಲ್ಲರಿಗೂ ಧೈರ್ಯವಾಗಿ ದಾರಿ ತೋರಿಸುತ್ತಾ ಹೋಗುತ್ತಾನೆ. ಇಲ್ಲಿ ಪೆಟ್ಟಿಗೆ ಇದೆ, ಅಲ್ಲಿ ಗುಟ್ಟಿನ ಬಾಗಿಲಿದೆ. ಎಲ್ಲರೂ ಅವನನ್ನು ದೇವರ ಥರ ನೋಡುತ್ತಿರುತ್ತಾರೆ. ಒಂದು ಸೇತುವೆಯ ಮುಂದೆ ನಿಂತುಬಿಡುತ್ತಾನೆ. “ಇಲ್ಲಿಂದ ಮುಂದೆ ನಂಗೆ ಗೊತ್ತಿಲ್ಲ. ಫ್ರೆಂಡ್ ಬಂದು ನನ್ನ ಸೇವ್ ಮೇಲೆ ಅವನ ಸೇವ್ ಮಾಡಿಬಿಟ್ಟ. ಆಮೇಲೆ ಆಡ್ಲೇ ಇಲ್ಲ.” (ಸೇವ್ ಅಂದರೆ ಆಟ ಎಲ್ಲಿಗೆ ಬಂದಿದೆ ಅಂತ ಗೇಮ್ ಉಳಿಸಿಕೊಳ್ಳುವ ದಾಖಲೆ.) ಈ ನೋವು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ಗೊತ್ತಿದ್ದವರಿಗೆ ವಿವರಣೆ ಬೇಡ.

ಈಗ ದೂರು. 2015ರ ಹೊತ್ತಿಗೆ ಬರೆಯುವವನಿಗೆ ದೊಡ್ಡ ಕಥೆ ಹೇಳುವ ಆಸೆ ಹತ್ತಿತು. ಎಲ್ಲ ಗೇಮ್‌ಗಳ ಹಿಂದೆ ಒಂದು ಪರಿಷತ್ತು, ಆ ಪರಿಷತ್ತಿಗೊಂದು ದ್ರೋಹಿ, ದ್ರೋಹಿಗೊಂದು ಭವಿಷ್ಯವಾಣಿ. ಮಾತಿನ ಗುಳ್ಳೆಗಳು ಗೊಂಬೆಗಳನ್ನೇ ಮುಚ್ಚುವಷ್ಟು ಉಬ್ಬಿದವು. ಅದನ್ನಾದರೂ ಸಹಿಸಬಹುದಿತ್ತು. ಹುಡುಗನಿಗೆ ಕೋಡ್ ಬದಲಾಯಿಸುವ ಶಕ್ತಿ ಕೊಟ್ಟುಬಿಟ್ಟರು ನೋಡಿ, ಅಲ್ಲಿಗೆ ಮುಗಿಯಿತು. ಕೈ ಬೀಸಿದರೆ ಜೀವ 99. ಕಣ್ಣು ಮುಚ್ಚಿದರೆ ಬಾಸ್ ಮಾಯ. ಬಟನ್ ಇಲ್ಲದೆ ಪೆಚ್ಚಾಗಿ ನಿಂತಿದ್ದವನು ಇವನೇನಾ? ಗೇಮ್‌ನ ನಿಯಮ ಅವನನ್ನು ಕಟ್ಟಿಹಾಕಿದ್ದಕ್ಕೇ ಅವನ ಜಾಣತನಕ್ಕೆ ಬೆಲೆ ಇತ್ತು. ನಿಯಮವೇ ಇಲ್ಲದ ಮೇಲೆ ಇವನು ಗೇಮರ್ ಆದರೇನು, ಗುಮಾಸ್ತ ಆದರೇನು? 2017ರಲ್ಲಿ ಓದುವುದನ್ನು ಬಿಟ್ಟೆ. ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಬಳಕೆಯ ಕಷ್ಟಗಳನ್ನೂ ಹೇಳಬೇಕು. 2013ರಲ್ಲಿ ನಾನು ಬಳಸುತ್ತಿದ್ದ ಫೀಡ್ ರೀಡರ್ ಮುಚ್ಚಿತು, ಹೊಸ ಕಂತು ಬಂದದ್ದು ವಾರಗಟ್ಟಲೆ ಗೊತ್ತೇ ಆಗುತ್ತಿರಲಿಲ್ಲ. ಚಿತ್ರಗಳನ್ನು ಇಟ್ಟಿದ್ದ ಜಾಗ ಒಮ್ಮೆ ಬದಲಾಗಿ ಸುಮಾರು ಪುಟಗಳು ಖಾಲಿ ಚೌಕಗಳಾದವು. (ಈ ಸಲ ಮೇಲ್ ಹಾಕಲಿಲ್ಲ. ಯಾರಿಗೆ ಗೊತ್ತು, ಇದೂ ಯಾವುದೋ ಗೇಮ್‌ನ ತಮಾಷೆ ಇರಬಹುದು ಅಂತ ಸುಮ್ಮನಿದ್ದೆ. ಅಲ್ಲ, ನಿಜಕ್ಕೂ ಕೆಟ್ಟಿತ್ತು.) ನಡುನಡುವೆ ಫ್ಲ್ಯಾಶ್‌ನಲ್ಲಿ ಮಾಡಿದ ಐದಾರು ಚಲಿಸುವ ಕಂತುಗಳಿದ್ದವು. 2020ರ ಕೊನೆಗೆ ಫ್ಲ್ಯಾಶ್‌ಗೆ ಬೆಂಬಲ ನಿಂತ ಮೇಲೆ ಅವೂ ಹೋದವು. ಫ್ಲ್ಯಾಶ್‌ನ ಹಾಗೇ ನಡೆದುಕೊಳ್ಳುವ ರಫಲ್ ಅನ್ನುವ ಎಮ್ಯುಲೇಟರ್ ಹಾಕಿಕೊಂಡರೆ ಕೆಲವು ಓಡುತ್ತವೆ.

ಫೋನ್‌ನಲ್ಲಿ ಓದುವವರಿಗೆ ಒಂದು ಮಾತು. ಹಿಗ್ಗಿಸಿದರೆ ಚಿತ್ರ ಮಂಜುಮಂಜಾಗುತ್ತೆ, ಯಾಕಂದರೆ ಬ್ರೌಸರ್ ಚೌಕಗಳ ಅಂಚನ್ನು ನಯ ಮಾಡಲು ಹೋಗುತ್ತೆ. ಸರಿಯಾಗಿ ಎರಡು ಪಟ್ಟು, ಮೂರು ಪಟ್ಟು ಹಿಗ್ಗಿಸಿದರೆ ಅಷ್ಟು ಕೆಡುವುದಿಲ್ಲ. ಒಂದೂವರೆ ಪಟ್ಟು ಮಾಡಿದರೆ ಹುಡುಗನ ಮುಖ ಮಸಿ ಒರೆಸಿದ ಬಟ್ಟೆಯ ಹಾಗೆ ಕಾಣುತ್ತೆ. ನಾನು ಲ್ಯಾಪ್‌ಟಾಪ್‌ನಲ್ಲೇ ಓದುವುದು.

ಮತ್ತೆ ಯಾಕೆ ಹಿಂದಿರುಗಿದೆ ಅಂದರೆ, ಬರೆಯುವವನೂ ಹಿಂದಿರುಗಿದ್ದ. ಪರಿಷತ್ತು, ದ್ರೋಹಿ ಎಲ್ಲವನ್ನೂ ಎರಡೇ ಪುಟದಲ್ಲಿ ಗುಡಿಸಿ ಮೂಲೆಗೆ ಹಾಕಿದ. ಹುಡುಗ ಶಕ್ತಿ ಕಳೆದುಕೊಂಡು ಒಂದು ಹಳ್ಳಿಯಲ್ಲಿ ಬೀಳುತ್ತಾನೆ. ಹದಿನಾರು-ಬಿಟ್ ಕಾಲದ ಆರ್‌ಪಿಜಿ ಹಳ್ಳಿ. ಆರು ಮನೆ, ಒಂದು ಬಾವಿ, ಒಂದು ಅಂಗಡಿ. ಬಾವಿ ಪಕ್ಕ ಒಬ್ಬ ಅಜ್ಜಿ. ಮಾತಾಡಿಸಿದರೆ “ರಾತ್ರಿ ಬಾವಿ ಹತ್ರ ಹೋಗ್ಬೇಡಪ್ಪ, ಸದ್ದು ಬರುತ್ತೆ” ಅನ್ನುತ್ತಾಳೆ. ಎರಡನೇ ಸಲವೂ ಅದೇ ಮಾತು. ಬಾವಿಯೊಳಗಿನ ಭೂತವನ್ನು ಕೊಂದು, ಒದ್ದೆ ಬಟ್ಟೆಯಲ್ಲಿ ಮೇಲೆ ಬಂದು ಹೇಳಿದರೂ “ರಾತ್ರಿ ಬಾವಿ ಹತ್ರ ಹೋಗ್ಬೇಡಪ್ಪ.” ಅವನು ಅವಳ ಪಕ್ಕದಲ್ಲೇ ಕೂತುಬಿಡುತ್ತಾನೆ. ಹತ್ತಾರು ಕಂತು ದಿನಾ ಸಂಜೆ ಅವಳನ್ನು ಮಾತಾಡಿಸುತ್ತಾನೆ, ಒಬ್ಬರಾದರೂ ದಿನಾ ಉತ್ತರ ಕೊಡುವವರಿದ್ದಾರಲ್ಲ ಅಂತ.

ಆಮೇಲೆ ಸಣ್ಣ ಸಣ್ಣ ವಿಷಯ ಕೆಡಲು ಶುರು. ತೆರೆದ ಪೆಟ್ಟಿಗೆ ಮತ್ತೆ ಮುಚ್ಚಿರುತ್ತೆ. ಅಂಗಡಿಯಲ್ಲಿ ಕತ್ತಿಯ ಬೆಲೆ ನೆಟ್ಟಗಿರುವುದಿಲ್ಲ. ಮೆನುವಿನಲ್ಲಿ ಅವನ ಹೆಸರಿನ ಒಂದು ಅಕ್ಷರ ಕಾಣೆ. ಯಾವ ಖಳನೂ ಇಲ್ಲ. ಕಾರ್ಟ್ರಿಡ್ಜ್‌ನ, ಅಂದರೆ ಗೇಮ್ ತುಂಬಿದ ಡಬ್ಬಿಯ, ಬ್ಯಾಟರಿ ಸಾಯುತ್ತಿದೆ, ಅಷ್ಟೇ. ಆ ಕಾಲದ ಕಾರ್ಟ್ರಿಡ್ಜ್‌ಗಳಲ್ಲಿ ಸೇವ್ ಉಳಿಯುತ್ತಿದ್ದದ್ದು ಒಳಗಿನ ಮೂರು ವೋಲ್ಟಿನ ಬಿಲ್ಲೆ ಬ್ಯಾಟರಿಯಿಂದ. ಅದು ಖಾಲಿಯಾದರೆ ಸೇವ್ ಇಲ್ಲ. ನನ್ನದೂ ಒಂದು ಹಾಗೆ ಹೋಗಿದೆ, ಮುಗಿಯಲು ಒಂದೇ ಕೋಟೆ ಬಾಕಿ ಇದ್ದಾಗ. ನಿಜದಲ್ಲಿ ಬಹಳಷ್ಟು ಗೇಮ್‌ಗಳು ಲೆಕ್ಕ ತಾಳೆಯಾಗದಿದ್ದರೆ ಇಡೀ ಸೇವನ್ನೇ ಅಳಿಸುತ್ತವೆ, ಹೀಗೆ ಚೂರುಚೂರಾಗಿ ಸಾಯುವುದಿಲ್ಲ. ಇದೊಂದು ಸುಳ್ಳನ್ನು ಬರೆದವನಿಗೆ ಬಿಟ್ಟುಕೊಟ್ಟಿದ್ದೇನೆ.

ಒಂದು ಸಂಜೆ ಹುಡುಗ ಎಂದಿನಂತೆ ಅಜ್ಜಿಯನ್ನು ಮಾತಾಡಿಸುತ್ತಾನೆ. ಅವಳು “ನೀನಿನ್ನೂ ಹೋಗ್ಲಿಲ್ವಾ?” ಅನ್ನುತ್ತಾಳೆ.

ಆರ್‌ಪಿಜಿ ಆಡಿದವರಿಗೆ ಗೊತ್ತು, ಊರಿನವರ ಮಾತು ಬದಲಾದರೆ ಕಥೆ ಎಲ್ಲೋ ಮುಂದೆ ಹೋಗಿದೆ ಅಂತ ಅರ್ಥ. ನಾವು ಏನೋ ಮಾಡಿದ್ದೇವೆ, ಗೇಮ್ ಅದನ್ನು ಗುರುತು ಹಾಕಿಕೊಂಡಿದೆ. ಹುಡುಗನಿಗೂ ಗೊತ್ತು. ಆದರೆ ಅವನು ಏನೂ ಮಾಡಿಲ್ಲ. ಕಥೆ ತಾನಾಗಿ ಮುಂದೆ ಹೋಯಿತಾ, ಬ್ಯಾಟರಿ ಸತ್ತು ಗುರುತು ಅದಲುಬದಲಾಯಿತಾ, ಇಲ್ಲ ಅಜ್ಜಿ ನಿಜವಾಗಿ ಕೇಳಿದಳಾ? ಕೋಡ್ ನೋಡುವ ಶಕ್ತಿ ಈಗ ಅವನಿಗಿಲ್ಲ. ಆಡಿದವನಿಗೆ ಎಷ್ಟು ಗೊತ್ತಿರುತ್ತೋ ಅಷ್ಟೇ. ಇಷ್ಟು ವರ್ಷದಲ್ಲಿ ನಾನು ಓದಿದ ಅತ್ಯುತ್ತಮ ಪುಟ ಇದು. ಗೊಂಬೆಗಳಿಗೆ ಮುಖಭಾವ ಕೂಡ ಇಲ್ಲ, ಅವನ ಕಣ್ಣು ಎರಡೆರಡು ಚುಕ್ಕಿ.

ಅಲ್ಲಿಗೆ ಅಪ್‌ಡೇಟ್ ನಿಂತಿತು. 14 ತಿಂಗಳು.

ಹೊಸದಾಗಿ ಶುರು ಮಾಡುವವರು ಮೊದಲ ನಲವತ್ತು ಪುಟ ಬಿಟ್ಟರೂ ನಷ್ಟವಿಲ್ಲ, ಬರೀ ಬೈಗುಳದ ಜೋಕು. ಪರಿಷತ್ತಿನ ಭಾಗವನ್ನು ಪೂರ್ತಿ ಹಾರಿಸಿ. ಹಳ್ಳಿಯ ಭಾಗವನ್ನು ಒಂದೇ ಸಂಜೆ ಓದಬೇಡಿ, ದಿನಕ್ಕೆರಡು ಪುಟ ಸಾಕು, ಅಜ್ಜಿಯ ಮಾತು ನಿಮಗೂ ರೂಢಿಯಾಗಲಿ. ಐದಕ್ಕೆ ಎಷ್ಟು ಅಂತ ಕೇಳಿದರೆ ಮೊದಲ ಭಾಗಕ್ಕೆ ನಾಲ್ಕು, ನಡುವಿನದಕ್ಕೆ ಒಂದು, ಹಳ್ಳಿಗೆ ಐದು.

14 ತಿಂಗಳಾದ ಮೇಲೆ ಬಂದದ್ದು ಒಂದೇ ಪುಟ. ಮೂರು ಪ್ಯಾನೆಲ್. ಮೊದಲನೆಯದರಲ್ಲಿ ಹುಡುಗ ಬಾವಿಯ ಹತ್ತಿರ ನಿಂತಿದ್ದಾನೆ. ಎರಡನೆಯದರಲ್ಲಿ ಅವನ ಗುಳ್ಳೆ: “ಏನಂದ್ರಿ, ಅಜ್ಜಿ?” ಮೂರನೆಯದರಲ್ಲಿ ಅವಳ ಗುಳ್ಳೆ ತೆರೆದಿದೆ, ಮೊದಲ ಅಕ್ಷರ ಬಿದ್ದಿದೆ, ನನ್ನ ಕನ್ನಡದಲ್ಲಿ ಹೇಳುವುದಾದರೆ ಅದು ‘ರಾ’ದ ಥರವೂ ಕಾಣುತ್ತೆ, ‘ನೀ’ ಥರವೂ ಕಾಣುತ್ತೆ. ಮೂರು ಪಟ್ಟು ಹಿಗ್ಗಿಸಿಯೂ ನೋಡಿದೆ.